ಹದಿನಾಲ್ಕು ಪೆಟ್ಟಿಗೆ

ಕರಾವಳಿ ಬೈಪಾಸಿನ ಶೋರೂಮಿಗೆ
ಮೀನು ಮುಗಿಸಿಯೇ ಹೋದದ್ದು ನಾವು ಮೂವರು,
ನಾನು, ಸುಗಂಧಿಯಕ್ಕ, ಬಡಾನಿಡಿಯೂರಿನ ಚಂಚಲ.
ಕೈಗೆ ಎರಡು ಸಲ ಸೋಪು ಹಾಕಿ, ಮಲ್ಲಿಗೆ ಮುಡಿದು.
ಆದರೂ ಸೋಫಾಕ್ಕೆ ಗೊತ್ತಾಯಿತು.
ಟೈ ಕಟ್ಟಿದ ಹುಡುಗ ಫ್ಯಾನಿನ ಸ್ಪೀಡು ಹೆಚ್ಚಿಸಿ
'ಸಾರ್ ಯಾರೂ ಬರಲಿಲ್ವಾ' ಎಂದ.
'ಸಾರ್ ಬೋಟಿನಲ್ಲಿದ್ದಾರೆ' ಎಂದಳು ಸುಗಂಧಿಯಕ್ಕ,
'ದುಡ್ಡು ಇಲ್ಲುಂಟು.'

ಮೊದಲು ಇಂಜಿನ್.
ಡೀಸೆಲ್ಲಾದರೆ ಎಪ್ಪತ್ತೈದು ಕುದುರೆ,
ಗ್ಯಾಸಾದರೆ ಸ್ವಲ್ಪ ಕಡಿಮೆ, ಆದರೆ ಉಳಿತಾಯ ಇಷ್ಟು ಎಂದು
ಕ್ಯಾಲ್ಕುಲೇಟರ್ ನಮ್ಮತ್ತ ತಿರುಗಿಸಿದ.
ಗ್ಯಾಸ್ ಬಂಕಿನ ಸಾಲು ನನಗೆ ಗೊತ್ತಿಲ್ಲವೇ?
ರಿಕ್ಷಾದವರು ಪೇಪರು ಓದಿ ಮುಗಿಸಿ ನಿದ್ದೆ ಹೋಗುವ ಸಾಲು.
ರಿಕ್ಷಾ ಕಾಯುತ್ತದೆ. ಬೂತಾಯಿ ಕಾಯುವುದಿಲ್ಲ.
ಕಣ್ಣು ಮಸುಕಾಗುವ ಮೊದಲು ಅದು ಹೆಬ್ರಿ ದಾಟಬೇಕು.
ಮಣಿಪಾಲದ ಏರು, ಪರ್ಕಳದ ತಿರುವು,
ಐಸು ಕರಗಿ ನೀರಾದರೂ ಭಾರ ಭಾರವೇ.
ಡೀಸೆಲ್ ಎಂದೆವು. ಅಲ್ಲಿಗೆ ಜಗಳವಿರಲಿಲ್ಲ.

ಆಮೇಲೆ ಮೇಲಿನದ್ದು, ನಡುವಿನದ್ದು, ಕೆಳಗಿನದ್ದು.
ಕೆಳಗಿನದ್ದಕ್ಕೆ ಎಸಿ ಇಲ್ಲ, ಪವರ್ ಸ್ಟೇರಿಂಗ್ ಇಲ್ಲ,
ಬಂಪರಿಗೆ ಬಣ್ಣವೂ ಇಲ್ಲ.
'ಮೀನಿಗೆ ಐಸು, ಮನುಷ್ಯರಿಗೆ ಬೆವರು' ಎಂದು ಚಂಚಲ ನಕ್ಕಳು.
ಮೇಲಿನದ್ದಕ್ಕೆ ಹಾಡು ಬರುವ ಟಿವಿ,
ಹಿಂದೆ ನೋಡುವ ಕ್ಯಾಮರಾ,
ಬಾಗಿಲಿಗೆ ಬೆಳ್ಳಿಯ ಹಾಗಿನ ಪಟ್ಟಿ.
ಉಪ್ಪುಗಾಳಿಗೆ ಬೆಳ್ಳಿ ಎಷ್ಟು ದಿನ, ಮಗಾ?
ನನ್ನ ಮನೆಯ ಗೇಟಿನ ಸರಳನ್ನೊಮ್ಮೆ ಬಂದು ನೋಡು.
ಅಡಿಗೆ ತುಕ್ಕು ಹಿಡಿಯದ ಕೋಟಿಂಗ್ ಯಾವುದಕ್ಕುಂಟು, ಅದನ್ನು ಹೇಳು.
ಅವನು ಪುಸ್ತಕ ಮಗುಚಿದ.
ಪುಸ್ತಕದಲ್ಲಿ ಇರಲಿಲ್ಲ.

ನಿಜವಾದ ತಕರಾರು ಕ್ಯಾಬಿನ್ನಿಗೆ.
ಸಿಂಗಲ್ಲಾದರೆ ಡ್ರೈವರು, ಮತ್ತಿಬ್ಬರು.
ಡಬಲ್ಲಾದರೆ ಎಲ್ಲರಿಗೂ ಸೀಟು,
ಆದರೆ ಹಿಂದಿನ ತೊಟ್ಟಿ ಮೂರಡಿ ಗಿಡ್ಡ.
ಸುಗಂಧಿಯಕ್ಕ ಎದ್ದು ಹೋಗಿ ಮೊಳ ಹಾಕಿ ಅಳೆದಳು.
'ಹದಿನಾಲ್ಕು ಪೆಟ್ಟಿಗೆ ಹೋಯಿತು' ಎಂದಳು,
'ನಮ್ಮ ಕುಂಡೆಗೆ.'
ಹುಡುಗನ ಕಿವಿ ಕೆಂಪಾಯಿತು.

ನಾನು ಬಸ್ಸಿನ ಮಾತೆತ್ತಿದೆ.
ಹಿಂದಿನ ಮೆಟ್ಟಿಲಲ್ಲಿ ನಿಂತೇ ಹೋದ ಇಪ್ಪತ್ತೆರಡು ವರ್ಷ.
ಬುಟ್ಟಿಗೂ ಟಿಕೇಟು, ಆದರೂ ಬುಟ್ಟಿ ಡಿಕ್ಕಿಯಲ್ಲಿ.
ನಾನು ಬಗ್ಗಿದ್ದು ಕಂಡ ಕೂಡಲೇ
ಖಾಲಿ ಸೀಟಿನ ಮೇಲೆ ಬ್ಯಾಗು ಇಟ್ಟವರು.
ನನಗೆ ಕೂತು ಹೋಗಬೇಕು. ಕಿಟಕಿಯ ಪಕ್ಕ.
ಹದಿನಾಲ್ಕು ಹೋದರೆ ಹೋಗಲಿ.
'ಕಂತು ಕಿಟಕಿ ಕಟ್ಟುತ್ತದಾ?' ಸುಗಂಧಿಯಕ್ಕ ಕೇಳಿದಳು.
ಜೋರಾದೆವು. ಕನ್ನಡ ಬಿಟ್ಟು ತುಳುವಿಗೆ ಇಳಿದೆವು.
ಕಾಫಿ ಬಂತು, ತಣಿಯಿತು.

ಆಗ ನೋಡಿದರೆ ಚಂಚಲ ಇಲ್ಲ.
ನಿಲ್ಲಿಸಿಟ್ಟ ಬಿಳಿ ಸಿಂಗಲ್ ಕ್ಯಾಬಿನ್ನಿನ ಹೊರಗೆ ಅವಳ ಚಪ್ಪಲಿ,
ಒಳಗೆ, ಸ್ಟೇರಿಂಗಿನ ಹಿಂದೆ, ಅವಳು.
ಶಾಲೆಯ ಬೆಂಚಿನಲ್ಲೂ ಇಷ್ಟು ನೆಟ್ಟಗೆ ಕೂತವಳಲ್ಲ.
'ಇದರಲ್ಲಿ ಮೂವರಿಗೆ ಜಾಗ ಉಂಟಲ್ಲ'
ನಮ್ಮತ್ತ ನೋಡದೆ ಹೇಳಿದಳು,
'ಡ್ರೈವರಿಗೆ ಯಾಕೆ ಒಂದು ಸೀಟು,
ತಿಂಗಳಿಗೆ ಹದಿನೆಂಟು ಸಾವಿರ?'

ಸುಗಂಧಿಯಕ್ಕ ಬಾಯಿ ತೆರೆದಳು. ಮುಚ್ಚಿದಳು.
ಬೆರಳು ಮಡಚಿ ಏನೋ ಕೂಡಿದಳು.
ಹುಡುಗ 'ಲೈಸೆನ್ಸು...' ಎಂದ.
'ಅದೂ ಮೇಲಿನದ್ದರಲ್ಲಿ ಮಾತ್ರ ಬರುವುದಾ?' ಕೇಳಿದೆ.

ಚಂಚಲನ ಎಡಗಾಲು ಪೆಡಲಿನ ಮೇಲಿತ್ತು,
ಬಂದರಿನ ಒದ್ದೆ ನೆಲದಲ್ಲಿ ನಿಂತು ನಿಂತು
ಹಿಮ್ಮಡಿ ಒಡೆದ ಕಾಲು.
ಒತ್ತಿದಳು, ಬಿಟ್ಟಳು, ಮತ್ತೆ ಒತ್ತಿದಳು.
'ಕುದುರೆ ಎಷ್ಟಾದರೂ ಇರಲಿ ಮಾರಾಯ,
ಈ ಮೂರರಲ್ಲಿ
ಕ್ಲಚ್ಚು ಹಗುರ ಯಾವುದರದ್ದು?'