ಬೋರ್ಡಿಲ್ಲದ ಅಂಗಡಿ

ಹೊಲಿಗೆ ಮಿಷನ್ನಿನ ತಲೆ ಒಳಗೆ ಮಡಚಿ
ಹಲಗೆ ಮುಚ್ಚಿದೆ. ಅದೇ ಆಫೀಸು.
ಕಾಲು ಮಾತ್ರ ಹಳೇ ಅಭ್ಯಾಸಕ್ಕೆ
ಪೆಡಲು ತುಳಿಯುತ್ತದೆ, ವಾಕ್ಯ ಸಿಗದಾಗ.

ಸ್ವರ್ಣಸಂದ್ರದ ಈ ಬೀದಿಯಲ್ಲಿ
ಬೋರ್ಡಿಲ್ಲದ ಅಂಗಡಿ ನನ್ನದೊಂದೇ.
"ಏನ್ ಮಾರ್ತೀಯವ್ವ?" ಎಂದರು ಎದುರುಮನೆ ಕೆಂಪಾಜಮ್ಮ.
ಮಾತು, ಎಂದೆ.
"ಅದ್ನ ನಾನು ದಿನಾ ಪುಕ್ಸಟ್ಟೆ ಕೊಡ್ತೀನಲ್ಲ!"

ಮೊದಲ ಗಿರಾಕಿ ಆಲೆಮನೆಯವರು.
ಬೆಲ್ಲದ ಡಬ್ಬಿಗೆ ನಾಲ್ಕು ಸಾಲು ಬೇಕಂತೆ.
'ಅಪ್ಪಟ' ಎಂದು ಬರೆದೆ, ಹೊಡೆದುಹಾಕಿದೆ.
ಯಾರು ತಾನೇ ಅಪ್ಪಟವಲ್ಲ?
ಮೂರು ದಿನಕ್ಕೆ ಹೊಳೆದದ್ದು ಇಷ್ಟು:
'ಬೆರಳಿಗಂಟಿದ್ದನ್ನು ನೆಕ್ಕುವ ಮೊದಲು
ಮಗು ಒಮ್ಮೆ ಅತ್ತಿತ್ತ ನೋಡುತ್ತದೆ.'
ಎಂಟುನೂರು ಕೇಳಿದೆ, ಕೇಳಿದ್ದಕ್ಕೆ ನಾನೇ ನಾಚಿದೆ.
ಆರುನೂರು ಬಂತು,
ಜೊತೆಗೆ ನಾಲ್ಕು ಅಚ್ಚು ಬೆಲ್ಲ.

ಈವತ್ತು ಕರೆಂಟಿನವನು ಬಂದು
ಬಿಲ್ಲು ಹರಿಯುತ್ತ ಕೇಳಿದ:
"ಮನೇನೋ, ವ್ಯಾಪಾರಾನೋ ಅಕ್ಕ?"
ಒಳಗೆ ಕುಕ್ಕರು ಕೂಗಿತು. ಫೋನಿನಲ್ಲಿ
ಯಾರದೋ ಗೃಹಪ್ರವೇಶದ ಕರೆಯೋಲೆ
ಅರ್ಧಕ್ಕೆ ನಿಂತಿತ್ತು.
ಮನೆ, ಎಂದೆ,
ಯೂನಿಟ್ಟಿನ ದರ ನೆನೆದು.

ಅವನು ಹೋದಮೇಲೆ
ಆ ಪ್ರಶ್ನೆಯನ್ನು ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ
ಬರೆದಿಟ್ಟುಕೊಂಡೆ.
ಇದಕ್ಕೆ ದುಡ್ಡು ಕೊಡುವವರಿಲ್ಲ.