ಒಂಬತ್ತನೆಯ ಹೊಳೆ

ಉಪ್ಪಳದ ರೈಲುಗೇಟಿನ ಪಕ್ಕ ನನ್ನ ರಿಪೇರಿ ಅಂಗಡಿ.
ಬೋರ್ಡು ಮಲಯಾಳದಲ್ಲಿ, ಬಿಲ್ಲು ಕನ್ನಡದಲ್ಲಿ,
ಬೆಸುಗೆ ಕಡ್ಡಿ ಬೆರಳಿಗೆ ತಾಗಿದರೆ ಬೈಗುಳ ಮಾತ್ರ ತುಳುವಿನಲ್ಲಿ.
ಅಲ್ಲಿಗೆ ಬಂತು, ಅಂದುಞಿ ಕುವೈತಿನಿಂದ
ಹೆಗಲ ಮೇಲೆ ಹೊತ್ತು ತಂದಿದ್ದ ಯಂತ್ರ,
ತಂದು ಮೂವತ್ತೇಳು ವರ್ಷಕ್ಕೆ, ತಂಗಿ ನಸೀಮಳ ರಿಕ್ಷಾದಲ್ಲಿ,
ಹಳೆಯ ಬುರ್ಖಾದಲ್ಲಿ ಸುತ್ತಿಕೊಂಡು.
ಟಿವಿಗೆ ಸಿಕ್ಕಿಸುವ ಕಂಪ್ಯೂಟರ್, ಮಣೆಯಷ್ಟು ದಪ್ಪ,
ಕೀಲಿಗಳ ತುಂಬ ಅರಬಿ.

ಎರಡು ಕೆಪಾಸಿಟರ್ ಬದಲಿಸಿದೆ, ಒಂದು ಜಿರಳೆ ತೆಗೆದೆ.
ನೀಲಿ ಪರದೆ ಬಂತು. ಬಿಳಿ ಚೌಕವೊಂದು
ಮಿಣುಕಿತು, ಮಿಣುಕಿತು, ಮಿಣುಕುತ್ತಲೇ ಇತ್ತು,
ಎಲೆ ಹಾಕಿ, ನೀರು ಚಿಮುಕಿಸಿ,
ಬಡಿಸುವವರು ಎದ್ದುಹೋದ ಪಂಕ್ತಿಯ ಹಾಗೆ.
"ಇಷ್ಟೇಯಾ? ಆಟ ಎಲ್ಲುಂಟು?" ಎಂದಳು ನಸೀಮ.
ಆಟ ಇದರೊಳಗಿಲ್ಲ ಅಕ್ಕಾ, ಕ್ಯಾಸೆಟ್ಟಿನಲ್ಲಿತ್ತು.

ಇರುವೆಯೊಂದು ಎಲೆಯೇರಿ ಹೊಳೆ ದಾಟುವ ಆಟವಂತೆ.
ಹನ್ನೊಂದರ ಪ್ರಾಯದಲ್ಲಿ ಎಂಟು ಹೊಳೆ ದಾಟಿದ್ದಳಂತೆ.
ಒಂಬತ್ತನೆಯದರ ದಡದಲ್ಲಿ ಕರೆಂಟು ಹೋಯಿತು.
ಮತ್ತೆ ಬರುವಷ್ಟರಲ್ಲಿ ಯಾರೋ ಕ್ಯಾಸೆಟ್ಟು ಎರವಲು ಒಯ್ದಿದ್ದರು.

ಮಾಡಿದ ಕಂಪನಿ ಮುಚ್ಚಿದೆ. ಪೆಟ್ಟಿಗೆಯ ಮೇಲಿನ ವಿಳಾಸಕ್ಕೆ
ಕಾಗದ ಹಾಕಿದೆ; ನಾಲ್ಕು ಮುದ್ರೆ ಹೊಡೆಸಿಕೊಂಡು ಹಿಂದೆ ಬಂತು.
ಮಾರುವವರೇ ಇಲ್ಲದ್ದನ್ನು ಕದಿಯುವುದು ಹೇಗೆ,
ಕೊಡುವವರೇ ಇಲ್ಲದ್ದನ್ನು ಕೇಳುವುದು ಯಾರನ್ನು?
ಕುಂಬಳೆ, ಮೊಗ್ರಾಲು, ಬಂದ್ಯೋಡು,
ಗಲ್ಫಿನ ದುಡ್ಡಲ್ಲಿ ಎದ್ದ ಮನೆಗಳ ಅಟ್ಟಕ್ಕೆಲ್ಲ ಕೈಹಾಕಿದೆ.
ಸಿಕ್ಕಿದ್ದು ಒಪ್ಪನದ ಪಾಟು, ಮತಪ್ರಸಂಗ,
ಕಾಗದದ ಬದಲು ಗಂಡ ಮಾತಾಡಿ ಕಳಿಸಿದ ಟೇಪುಗಳು.
ಅವನ್ನು ಮೊದಲ ಕೆಮ್ಮಿಗೇ ನಿಲ್ಲಿಸಿ ಮರಳಿಸಿದೆ.

ಬೇಳದಲ್ಲಿ ಸೆವೆರಿನ್ ಮಾಸ್ತರರ ಹೆಂಡತಿ
ಬಿಸ್ಕತ್ತಿನ ಡಬ್ಬ ತೆರೆದು, "ಇದೊಂದು ಹಾಳಾದದ್ದು,
ಬರೀ ಕಿರ್ರೆನ್ನುತ್ತದೆ, ಬಿಸಾಡಲು ಮರೆತೆ" ಎಂದರು.
ಅಂಗೈ ಬೆವರಿತು ನನಗೆ.

ಟೇಪಿಗೆ ಬಿಳಿ ಬೂಷ್ಟು. ಹತ್ತಿ, ಸ್ಪಿರಿಟ್ಟು, ಪೆನ್ಸಿಲು.
ಒಂದೊಂದೇ ಮೊಳ, ಎರಡು ರಾತ್ರಿ.
ಆಮೇಲೆ ಹೆಡ್ಡಿನ ತಿರುಪು: ಕೂದಲೆಳೆಯಷ್ಟು ಅತ್ತ,
ಅದರರ್ಧ ಇತ್ತ, ಮಂಕು ಹಿಡಿದ ಕಿರಿಚಾಟ
ಕಾದೆಣ್ಣೆಗೆ ಬಿದ್ದ ಸಾಸಿವೆಯಾಗಿ ಸಿಡಿಯುವವರೆಗೆ.

ಆಗ ಕೇಳಿತು. ಸಿಡಿತಕ್ಕೂ ಮೊದಲು,
ನಕಲು ಮಾಡುವಾಗ ಯಾರೋ ಮೈಕು ಕೀಳಲು ಮರೆತಿರಬೇಕು,
ದೂರದ ಅಡಿಗೆಮನೆಯಿಂದ ಹೆಂಗಸೊಬ್ಬಳ ದನಿ:
"ನಸೀಮೋ... ಕಂಞಿ ತಣುತ್ತು..."

ಯಂತ್ರ ಅದನ್ನು ಲೆಕ್ಕಕ್ಕಿಡಲಿಲ್ಲ. ಎಂಟು ಸೆಕೆಂಡು
ತೂಕಡಿಸಿ, ಕಿರ್ರೆಂದಲ್ಲಿಂದ ಓದತೊಡಗಿತು.
ನಸೀಮ ಕುರ್ಚಿಯ ಅಂಚಿಗೆ ಕೂತು, ಕನ್ನಡಕ ಹಣೆಗೇರಿಸಿ,
ಇರುವೆಯನ್ನು ನಡೆಸಿದಳು. ಅಸರ್ ಬಾಂಗು ಆಗಿ ಹೋಗಿತ್ತು
ಅವಳು ಅಲ್ಲಿಗೆ ಮುಟ್ಟುವಾಗ. ಒಂಬತ್ತನೆಯ ಹೊಳೆ:
ಮೊದಲನೆಯದೇ. ನೀರಿಗೆ ಮಾತ್ರ ಕೆಂಪು ಬಣ್ಣ.
"ಇದಕ್ಕಾ ನಾನು..." ಎಂದು ನಕ್ಕಳು, ಮುಳುಗಿದಳು,
ಮತ್ತೆ ಒಂದರಿಂದ ಹೊರಟಳು.
ದನಿಯ ವಿಷಯ ಎತ್ತಲಿಲ್ಲ.
ಚಪ್ಪಲಿ ಮೆಟ್ಟುವಾಗ ಕೇಳಿದಳು,
"ಇದರದ್ದು ಇನ್ನೊಂದು ನಕಲು ಆಗ್ತದಾ?"

ವಾಟ್ಸಾಪಿನಲ್ಲಿ ಕಳಿಸಿದರೆ ಆಗದು,
ಗದ್ದಲವೆಂದುಕೊಂಡು ಅದು ಒರೆಸಿಬಿಡುತ್ತದೆ.
ಕ್ಯಾಸೆಟ್ಟೇ ಬೇಕು, ಅಂಚೆಯೇ ಬೇಕು.
ಆದವಾನಿಯ ಹುಡುಗನಿಗೊಂದು,
ಹೊಸೂರಿನ ಗಡಿಯಾರದಂಗಡಿಗೊಂದು,
ಅಕ್ಕಲಕೋಟೆಯ ಲೆಕ್ಕದ ಟೀಚರಿಗೊಂದು.
ದುಡ್ಡು ಬೇಡ, ಖಾಲಿ ಕ್ಯಾಸೆಟ್ಟಿದ್ದರೆ ಕಳಿಸಿ ಎಂದು ಚೀಟಿ.
ಆ ಎಂಟು ಸೆಕೆಂಡು ಕತ್ತರಿಸಬಹುದಿತ್ತು.
ಕತ್ತರಿ ಕೈಯಲ್ಲೇ ಇತ್ತು.

ನಿನ್ನೆ ಆದವಾನಿಯಿಂದ ಫೋನು:
"ಆಟ ಓಡಿತು ಅಂಕಲ್. ಮೊದಲಿಗೊಂದು ಮಾತು ಬರುತ್ತಲ್ಲ,
ಯಾವ ಭಾಷೆ ಅದು? ಪಾಸ್‌ವರ್ಡಾ?"
ಗೇಟು ಬಿದ್ದಿತ್ತು. ಗೂಡ್ಸು, ಐವತ್ತೆಂಟು ಡಬ್ಬಿ.
ಇದು ದಾಟಲಿ ಮಾರಾಯ, ಹೇಳುತ್ತೇನೆ ಎಂದೆ.