ಗುರುವಾರದ ನಡಾವಳಿ

ಹಾಕಿದ್ದು ಹನ್ನೆರಡು ಕುರ್ಚಿ, ಬಂದವರು ನಾಲ್ವರು.
ಕಿಟಕಿಯಾಚೆ ಕಾರವಾರದ ಕಡಲು,
ಬೈತಖೋಲಿನಿಂದ ಒಣಮೀನಿನ ಗಾಳಿ.

"ವರ್ಣಭೇದವೇ? ಅದು ಅಮೆರಿಕದ್ದು ಮಾರಾಯ,
ನಮ್ಮ ವಿಭಾಗದಲ್ಲೆಲ್ಲಿ?" ಎಂದರು ಮುಖ್ಯಸ್ಥರು,
ಚಹಾಕ್ಕೆ ಎರಡನೇ ಸಲ ಸಕ್ಕರೆ ಹಾಕುತ್ತ.

ಸಿಸ್ಟರ್ ಲುವಿನಾ ವಾದಿಸಲಿಲ್ಲ.
ಹಳೆಯ ಕೇಸು ಹಾಳೆಯೊಂದನ್ನು ಮೇಜಿನ ಮೇಲಿಟ್ಟಳು.
ಬಸ್ತ್ಯಾಂವ ಸಿದ್ದಿ, ಐವತ್ತೆರಡು, ಉಬ್ಬಸ.
ಊರು ಎಂಬಲ್ಲಿ ಯಾರೋ ಬರೆದಿದ್ದರು: ಆಫ್ರಿಕಾ.
ಅದನ್ನು ಹೊಡೆದು, ಬೇರೆ ಶಾಯಿಯಲ್ಲಿ:
ಹಳಿಯಾಳ ತಾಲೂಕು.

ಬೆರಳು ಕಚ್ಚಿದ ಯಂತ್ರ ತೊಂಬತ್ತೈದು ಅಂದಿತ್ತು.
ಕಪ್ಪು ಚರ್ಮದ ಮೇಲೆ ಅದು ಒಮ್ಮೊಮ್ಮೆ
ಹೆಚ್ಚು ಹೇಳುತ್ತದೆಂದು ನಾವು ಕಲಿತಿರಲಿಲ್ಲ.
ಉಸಿರು ಸಾಲದಿದ್ದರೆ ತುಟಿ ನೀಲಿ, ಅಷ್ಟೇ ಬಾಯಿಪಾಠ;
ಯಾರ ತುಟಿ ಎಂದು
ಪರೀಕ್ಷೆಯಲ್ಲಿ ಯಾರೂ ಕೇಳಿರಲಿಲ್ಲ.

"ಮನೆಗೆ ಹೋಗಬಹುದು."
ಕೆಳಗೆ ಸಹಿ.
ಸಹಿ ನನ್ನದು.

ರಾತ್ರಿ ಎರಡಕ್ಕೆ ವಾಪಸು ತಂದರು, ಟೆಂಪೋದಲ್ಲಿ ಮಲಗಿಸಿ.
ಬದುಕಿಕೊಂಡ. ಅದರಲ್ಲಿ ನನ್ನದೇನೂ ಇಲ್ಲ.

ಮುಖ್ಯಸ್ಥರ ಚಹಾ ಆರಿತ್ತು.
ಠರಾವು ಒಂದು: ರಕ್ತ ತೆಗೆದೂ ನೋಡುವುದು,
ಯಂತ್ರವನ್ನಷ್ಟೇ ನಂಬದಿರುವುದು.
ಠರಾವು ಎರಡು ಎಂದು ಬರೆದು ಪೆನ್ನು ನಿಂತಿತು.

"ಮುಂದಿನ ವಾರ
ಒಂದು ಕುರ್ಚಿ ಬಸ್ತ್ಯಾಂವನಿಗೆ ಇಡಿ," ಎಂದಳು ಲುವಿನಾ,
"ಬಸ್ ಚಾರ್ಜು ಯಾರು ಕೊಡ್ತೀರಿ, ಅದನ್ನೂ ಬರೀರಿ."